ಹತ್ತು ಷಿಲಿಂಗಿನ ಪುಸ್ತಕ

1957ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಹಸ್ತಪ್ರತಿ ಭಂಡಾರಕ್ಕೆ ಅಮೆರಿಕದಿಂದ ಒಂದು ಚಿಕ್ಕ ಪುಸ್ತಕ ಬಂದು ಸೇರಿತು. ಎತ್ತರ ಸುಮಾರು 8 ಅಂಗುಲ, ಅಗಲ ಸುಮಾರು 6 ಅಂಗುಲ. ಒಳಗೆ 58 ಹಾಳೆಗಳು. ನೋಡುವ ಕಣ್ಣಿಗೆ ಅದರಲ್ಲಿ ಸೊಗಸೇನೂ ಇರಲಿಲ್ಲ. ಪುಟ ಪುಟಕ್ಕೂ ಪೆನ್ಸಿಲ್ಲಿನ ಗೀಟುಗಳು, ಮಸಿಯ ಕಲೆಗಳು, ಬರೆದು ಹೊಡೆದುಹಾಕಿದ ಸಾಲುಗಳು. ಚಿತ್ರದ ಸುತ್ತ ಪದ್ಯ, ಪದ್ಯದ ಸಂದಿನಲ್ಲಿ ಗದ್ಯ, ಅದೂ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದ ನಾಲ್ಕು ಮಾತು. ಕೆಲವು ಪುಟಗಳನ್ನು ನೆಟ್ಟಗೆ ಹಿಡಿದು ಓದಬೇಕು, ಕೆಲವನ್ನು ತಲೆಕೆಳಗು ಮಾಡಿ ಓದಬೇಕು. ರದ್ದಿ ಕಾಗದದ ಅಂಗಡಿಯಲ್ಲಿ ತೂಕಕ್ಕೆ ಬಿದ್ದಿದ್ದರೆ ಯಾರೂ ಎರಡನೆಯ ಸಲ ತಿರುಗಿ ನೋಡುವಂಥದಲ್ಲ.

ಮ್ಯೂಸಿಯಮ್ಮಿನವರು ಅದಕ್ಕೆ ‘ಹೆಚ್ಚುವರಿ ಹಸ್ತಪ್ರತಿ 49460’ ಎಂಬ ಸಂಖ್ಯೆಯನ್ನು ಕೊಟ್ಟು ಭದ್ರಪಡಿಸಿದರು. ಈ ‘ಹೆಚ್ಚುವರಿ’ ಎಂಬ ಮಾತಿಗೆ ಅರ್ಥವಿದೆ. 1753ರಲ್ಲಿ ಮ್ಯೂಸಿಯಮ್ಮು ಸ್ಥಾಪಿತವಾದಾಗ ಸ್ಲೋನ್, ಕಾಟನ್, ಹಾರ್ಲಿ ಮನೆತನಗಳ ಸಂಗ್ರಹಗಳು ಅದರ ಮೂಲ ಬಂಡವಾಳವಾಗಿದ್ದವು. ಆ ಬಳಿಕ ಒಂದೊಂದಾಗಿ ಬಂದು ಕೂಡಿಕೊಂಡ ಹಸ್ತಪ್ರತಿಗಳಿಗೆ ಈ ಹೆಸರು ಬಂತು. ಅರಸರ ಸನ್ನದು, ಮಠಗಳ ಧರ್ಮಗ್ರಂಥ, ಮಹಾಪುರುಷರ ಪತ್ರವ್ಯವಹಾರ ಮೊದಲಾದವುಗಳ ಸಾಲಿನಲ್ಲಿ ಈ ಮಸಿ ಹಿಡಿದ ಪುಸ್ತಕಕ್ಕೂ ಒಂದು ಸ್ಥಾನ ದೊರೆಯಿತು. ಅದು ಚಿತ್ರಕಾರನೂ ಕವಿಯೂ ಆಗಿದ್ದ ವಿಲಿಯಂ ಬ್ಲೇಕನು ಸುಮಾರು 30 ವರ್ಷಗಳ ಕಾಲ ತನ್ನ ಸ್ವಂತಕ್ಕೆಂದು ಇಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕ. ಆದರೆ ಮೊದಲು ಅದು ಅವನದಾಗಿರಲಿಲ್ಲ.

ತಮ್ಮನ ಪುಸ್ತಕ

ಬ್ಲೇಕನು ಹುಟ್ಟಿದ್ದು 1757ನೆಯ ನವೆಂಬರ್ 28ರಂದು, ಲಂಡನ್ನಿನ ಒಬ್ಬ ಕಾಲುಚೀಲ ವ್ಯಾಪಾರಿಯ ಮನೆಯಲ್ಲಿ. ಹದಿನಾಲ್ಕರ ಪ್ರಾಯದಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವ ಕಸಬಿಗೆ ಸೇರಿ, ಏಳು ವರ್ಷ ಗುರುವಿನ ಕೈಕೆಳಗೆ ದುಡಿದು, ಅದರಿಂದಲೇ ಜೀವನ ಸಾಗಿಸಿದವನು. 1782ರಲ್ಲಿ ಕ್ಯಾಥರೀನ್ ಎಂಬ ಬಡ ಹುಡುಗಿಯನ್ನು ಮದುವೆಯಾದ. ಮದುವೆಯ ದಾಖಲೆಯಲ್ಲಿ ವಧುವು ಸಹಿಗೆ ಬದಲಾಗಿ ಒಂದು ಕತ್ತರಿ ಗುರುತು ಹಾಕಿದ್ದಾಳೆ. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಗಂಡನೇ ಆಕೆಗೆ ಓದುಬರಹ ಕಲಿಸಿದ, ಚಿತ್ರ ಬಿಡಿಸುವುದನ್ನೂ ಬಣ್ಣ ತುಂಬುವುದನ್ನೂ ಕಲಿಸಿದ.

ಈ ಸಂಸಾರದಲ್ಲಿ ಮೂರನೆಯವನೊಬ್ಬನಿದ್ದ. ಅವನು ಬ್ಲೇಕನ ಮುದ್ದಿನ ತಮ್ಮ ರಾಬರ್ಟ್. ಅಣ್ಣನಂತೆ ತಾನೂ ಚಿತ್ರಕಾರನಾಗಬೇಕೆಂದು ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ್ದ. ಅಣ್ಣನಿಂದಲೂ ಪಾಠ ಹೇಳಿಸಿಕೊಳ್ಳುತ್ತಿದ್ದ. ಬ್ಲೇಕನ ಮೊದಲ ಪೂರ್ಣ ಜೀವನಚರಿತ್ರೆಯನ್ನು ಬರೆದ ಅಲೆಕ್ಸಾಂಡರ್ ಗಿಲ್‌ಕ್ರಿಸ್ಟನು ಆ ಮನೆಯ ಒಂದು ಪ್ರಸಂಗವನ್ನು ಹೇಳುತ್ತಾನೆ. ಒಮ್ಮೆ ಅತ್ತಿಗೆಗೂ ಮೈದುನನಿಗೂ ಮಾತಿಗೆ ಮಾತು ಬೆಳೆಯಿತು. ಬ್ಲೇಕನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಥಟ್ಟನೆದ್ದು, ಈಗಿಂದೀಗಲೇ ಮೊಣಕಾಲೂರಿ ರಾಬರ್ಟನ ಕ್ಷಮೆ ಬೇಡಬೇಕು, ಇಲ್ಲವಾದರೆ ತನ್ನ ಮುಖವನ್ನೇ ನೋಡಕೂಡದು ಎಂದು ಹೆಂಡತಿಗೆ ಹೇಳಿಬಿಟ್ಟ. ತಪ್ಪು ತನ್ನದಲ್ಲವೆಂದು ತಿಳಿದಿದ್ದರೂ ಆಕೆ ಮೊಣಕಾಲೂರಿ, ತಪ್ಪು ತನ್ನದೇ ಎಂದಳು. ರಾಬರ್ಟನು ತಡೆಯಲಾರದೆ, ಆಕೆ ಸುಳ್ಳು ಹೇಳುತ್ತಿದ್ದಾಳೆ, ತಪ್ಪೆಲ್ಲ ತನ್ನದೇ ಎಂದುಬಿಟ್ಟನಂತೆ. ಅಣ್ಣನ ನಡತೆ ಮೆಚ್ಚತಕ್ಕದ್ದೇನೂ ಅಲ್ಲ. ಆದರೆ ಆ ಮನೆಯಲ್ಲಿ ತಮ್ಮನಿಗೆ ಎಂಥ ಸ್ಥಾನವಿತ್ತು, ಆ ತಮ್ಮ ಎಂಥವನು ಎಂಬುದು ಇದರಿಂದ ತಿಳಿಯುತ್ತದೆ.

1787ರ ಫೆಬ್ರವರಿಯಲ್ಲಿ ರಾಬರ್ಟನು ಎಳೆಯ ಪ್ರಾಯದಲ್ಲೇ ತೀರಿಕೊಂಡ. ಕೊನೆಯ ಹದಿನೈದು ದಿನ ಬ್ಲೇಕನು ರೆಪ್ಪೆ ಮುಚ್ಚದೆ ತಮ್ಮನ ಹಾಸಿಗೆಯ ಬಳಿ ಕುಳಿತಿದ್ದನೆಂದೂ, ಪ್ರಾಣ ಹೋದಾಗ ಆತ್ಮವು ಸಂತೋಷದಿಂದ ಚಪ್ಪಾಳೆ ತಟ್ಟುತ್ತ ಮಾಳಿಗೆಯನ್ನು ದಾಟಿ ಮೇಲೇರಿದ್ದನ್ನು ಕಂಡನೆಂದೂ, ಬಳಿಕ ಮೂರು ಹಗಲು ಮೂರು ರಾತ್ರಿ ಎಚ್ಚರವಿಲ್ಲದೆ ನಿದ್ರೆ ಮಾಡಿದನೆಂದೂ ಗಿಲ್‌ಕ್ರಿಸ್ಟನು ಬರೆದಿದ್ದಾನೆ. ತಮ್ಮನು ಬಿಟ್ಟುಹೋದ ವಸ್ತುಗಳಲ್ಲಿ ಈ ಚಿತ್ರದ ಪುಸ್ತಕವೂ ಒಂದು. ಮೊದಲ ಕೆಲವೇ ಪುಟಗಳಲ್ಲಿ ರಾಬರ್ಟನು ಚಿತ್ರಗಳನ್ನು ಬರೆದಿದ್ದ. ಉಳಿದ ಪುಟಗಳೆಲ್ಲ ಖಾಲಿಯಾಗಿದ್ದವು.

ಸತ್ತವರ ಸಾಮಾನನ್ನು ಏನು ಮಾಡಬೇಕೆಂಬ ಪ್ರಶ್ನೆ ಎಲ್ಲ ಸಂಸಾರಗಳಿಗೂ ಒಂದಲ್ಲ ಒಂದು ದಿನ ಬರುವಂಥದು. ಕೆಲವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಕೆಲವರು ಕಣ್ಣೆದುರಿಗೆ ಇರದಂತೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಬ್ಲೇಕನು ಮೂರನೆಯ ದಾರಿಯನ್ನು ಹಿಡಿದ. ತಮ್ಮನ ಚಿತ್ರಗಳನ್ನು ಹಾಗೆಯೇ ಬಿಟ್ಟು, ಮುಂದಿನ ಪುಟಗಳಲ್ಲಿ ತನ್ನ ಕೆಲಸವನ್ನು ಆರಂಭಿಸಿದ. 13 ವರ್ಷಗಳ ಮೇಲೆ, 1800ರಲ್ಲಿ, ಮಗನನ್ನು ಕಳೆದುಕೊಂಡ ಸ್ನೇಹಿತನಿಗೆ ಸಮಾಧಾನ ಹೇಳುವ ಪತ್ರದಲ್ಲಿ, ಸತ್ತ ತಮ್ಮನೊಡನೆ ತಾನು ಪ್ರತಿದಿನವೂ ಪ್ರತಿ ಗಳಿಗೆಯೂ ಮಾತಾಡುತ್ತಿದ್ದೇನೆ ಎಂದು ಬರೆದಿದ್ದಾನೆ. ಪದ್ಯವನ್ನೂ ಚಿತ್ರವನ್ನೂ ಒಂದೇ ತಗಡಿನಿಂದ ಅಚ್ಚು ಹಾಕುವ ಹೊಸ ವಿಧಾನವನ್ನು ಹೇಳಿಕೊಟ್ಟವನೂ ಕನಸಿನಲ್ಲಿ ಕಾಣಿಸಿಕೊಂಡ ರಾಬರ್ಟನೇ ಎಂಬುದು ಬ್ಲೇಕನ ನಂಬಿಕೆಯಾಗಿತ್ತೆಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಆಮ್ಲ ತಾಗದ ಒಂದು ದ್ರವದಿಂದ ತಾಮ್ರದ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆದು, ಮಿಕ್ಕ ಜಾಗವನ್ನು ಆಮ್ಲಕ್ಕೆ ತಿನ್ನಿಸಿ, ಉಬ್ಬಿ ನಿಂತ ಅಕ್ಷರಗಳಿಗೆ ಮಸಿ ಸವರಿ ಅಚ್ಚೊತ್ತುವುದೇ ಆ ವಿಧಾನ. ಹಾಗೆ ಅಚ್ಚಾದ ಹಾಳೆಗಳಿಗೆ ಗಂಡಹೆಂಡಿರು ಮನೆಯಲ್ಲೇ ಕುಳಿತು ಬಣ್ಣ ತುಂಬುತ್ತಿದ್ದರು.

ಪುಟಗಳ ಒಳಗೆ

ಪುಸ್ತಕದ ಬಹುಭಾಗವನ್ನು ಮೊದಲು ಸಣ್ಣ ಸಾಂಕೇತಿಕ ಚಿತ್ರಗಳಿಂದ ತುಂಬಿದ. ಚಂದ್ರನಿಗೆ ಏಣಿ ಒರಗಿಸಿ ಹತ್ತಹೊರಟ ಪುಟ್ಟ ಮನುಷ್ಯ, ಸಂಜೆಯ ಹೊತ್ತು ಬಿರಬಿರನೆ ನಡೆಯುತ್ತಿರುವ ದಾರಿಗ, ಹೀಗೆ ಹುಟ್ಟಿನಿಂದ ಸಾವಿನವರೆಗಿನ ಮನುಷ್ಯಜೀವನವನ್ನು ಸೂಚಿಸುವ 60ಕ್ಕೂ ಮಿಕ್ಕ ಚಿತ್ರಗಳು. ಅವುಗಳಿಂದ 17ನ್ನು ಆರಿಸಿ, 1793ರಲ್ಲಿ ಮಕ್ಕಳಿಗಾಗಿ ‘ಸ್ವರ್ಗದ ಬಾಗಿಲುಗಳು’ ಎಂಬ ಕಿರುಪುಸ್ತಕವನ್ನು ಹೊರತಂದ.

ಅದೇ ಸುಮಾರಿಗೆ ಪುಸ್ತಕವನ್ನು ತಲೆಕೆಳಗು ಮಾಡಿ, ಕೊನೆಯ ಪುಟದಿಂದ ಪದ್ಯ ಬರೆಯತೊಡಗಿದ. 1794ರಲ್ಲಿ ಪ್ರಕಟವಾದ ‘ಅನುಭವದ ಗೀತೆಗಳು’ ಸಂಗ್ರಹದ ಅನೇಕ ಪದ್ಯಗಳ ಕರಡು ಇಲ್ಲಿದೆ. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಹುಲಿಯ ಪದ್ಯವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿಯೂ ಉಂಟು. ಒಂದೇ ಉಸಿರಿನಲ್ಲಿ ಹೇಳಿದಂತೆ ತೋರುವ ಆ ಪದ್ಯವನ್ನು ಬ್ಲೇಕನು ಎಷ್ಟು ತಿದ್ದಿದ್ದಾನೆಂಬುದು ಈ ಪುಸ್ತಕವನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಒಂದು ಪದ್ಯಖಂಡವನ್ನು ಅರ್ಧ ಬರೆದು, ಹಿಡಿತಕ್ಕೆ ಬಾರದೆ ಹೊಡೆದುಹಾಕಿದ್ದಾನೆ. ಖಂಡಗಳ ಕ್ರಮವನ್ನು ಬದಲಿಸಲು ಪಕ್ಕದಲ್ಲಿ ಅಂಕಿ ಹಾಕಿದ್ದಾನೆ. ಅಂಥ ಮೃಗವನ್ನು ರೂಪಿಸಲು ಯಾವನಿಗೆ ‘ಸಾಧ್ಯವಾದೀತು’ ಎನ್ನಬೇಕೆ, ಯಾವನಿಗೆ ‘ಧೈರ್ಯ ಬಂದೀತು’ ಎನ್ನಬೇಕೆ ಎಂದು ತೂಗಿ ನೋಡಿದ್ದಾನೆ. ಕೊನೆಗೆ ಅಚ್ಚಾದ ಪದ್ಯದಲ್ಲಿ ಎರಡೂ ಉಳಿದವು. ಮೊದಲಲ್ಲಿ ಒಂದು ಮಾತು, ಮುಕ್ತಾಯದಲ್ಲಿ ಇನ್ನೊಂದು. ಆ ಎರಡು ಖಂಡಗಳಿಗೂ ಇರುವ ವ್ಯತ್ಯಾಸ ಅದೊಂದೇ.

‘ಲಂಡನ್’ ಎಂಬ ಪದ್ಯದ ಕರಡು ಇನ್ನೂ ಸ್ವಾರಸ್ಯವಾದುದು. ನಗರದ ಬೀದಿಗಳನ್ನೂ ಥೇಮ್ಸ್ ನದಿಯನ್ನೂ ಮೊದಲು ‘ಕೊಳಕು’ ಎಂದು ಕರೆದಿದ್ದ. ಆಮೇಲೆ ಆ ಮಾತನ್ನು ಹೊಡೆದು, ‘ಸನ್ನದಿಗೆ ಒಳಪಟ್ಟ’ ಎಂಬರ್ಥದ ಮಾತನ್ನು ಬರೆದ. ಬೀದಿ ಕೊಳಕಾಗಿದ್ದರೆ ಗುಡಿಸಬಹುದು. ಹರಿಯುವ ನೀರನ್ನೇ ಕಾಗದಪತ್ರದ ಮೂಲಕ ಕೆಲವರ ಸ್ವತ್ತಾಗಿ ಮಾಡಿದರೆ ಯಾವ ಪೊರಕೆ ಸಾಕು? ಅದೇ ಪದ್ಯದಲ್ಲಿ ಜನರ ಸಂಕೋಲೆಯನ್ನು ಮೊದಲು ‘ಜರ್ಮನರು ಬೆಸೆದುದು’ ಎಂದಿದ್ದ. ಆಗ ಇಂಗ್ಲೆಂಡನ್ನು ಆಳುತ್ತಿದ್ದ ದೊರೆಯ ಮನೆತನ ಜರ್ಮನಿಯ ಹ್ಯಾನೋವರಿನಿಂದ ಬಂದದ್ದು. ಬಳಿಕ ಅದನ್ನು ಅಳಿಸಿ, ಮನಸ್ಸೇ ಬೆಸೆದ ಸಂಕೋಲೆ ಎಂದು ತಿದ್ದಿದ. ದೊರೆಯ ಮೇಲಿನ ಸಿಟ್ಟಾಗಿ ಹೊರಟ ಮಾತು ಎಲ್ಲ ಕಾಲದ ಎಲ್ಲ ಜನರಿಗೂ ಸಲ್ಲುವ ಮಾತಾಯಿತು. ಅಚ್ಚಿನ ಪುಸ್ತಕವು ಫಲವನ್ನಷ್ಟೇ ಕೊಡುತ್ತದೆ. ಕವಿಯ ಬುದ್ಧಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಟ್ಟ ಗಳಿಗೆ ಇಂಥ ಕರಡಿನಲ್ಲಿ ಮಾತ್ರ ಉಳಿದಿರುತ್ತದೆ.

ಪದ್ಯ ಚಿತ್ರಗಳಲ್ಲದೆ, ಯಾರಿಗೂ ತೋರಿಸಬೇಕೆಂದು ಬರೆಯದ ಮಾತುಗಳೂ ಇಲ್ಲಿವೆ. 1793ರ ಜೂನಿನಲ್ಲಿ, ತಾನು ಇನ್ನು ಐದು ವರ್ಷ ಬದುಕಲಾರೆ, ಒಂದು ವರ್ಷ ಬದುಕಿದರೂ ಆಶ್ಚರ್ಯವೇ ಎಂಬ ಅಭಿಪ್ರಾಯವನ್ನು ಗೀಚಿದ್ದಾನೆ. ಆಗ ಅವನಿಗೆ 35 ವರ್ಷ. ಅಲ್ಲಿಂದ ಮುಂದೆ 34 ವರ್ಷ ಬದುಕಿದ. 1807ರ ಜನವರಿ 20, ಮಂಗಳವಾರ, ಸಂಜೆ ಎರಡರಿಂದ ಏಳರ ನಡುವೆ ಎಂದು ಹೊತ್ತು ಸಹಿತವಾಗಿ ಗುರುತಿಸಿ, ಮುಂದೆ ಹತಾಶೆಯನ್ನು ಸೂಚಿಸುವ ಒಂದೇ ಪದವನ್ನು ಬರೆದಿದ್ದಾನೆ. ಕಾರಣ ಬರೆದಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳ ಒಂದು ಭಾನುವಾರ ಬೇರೆಯ ಬಗೆಯದು. ನಮ್ಮ ಮನೆಗಳಲ್ಲಿ ಹಿರಿಯರು ರಾಮಾಯಣವನ್ನು ತೆರೆದು ಶಕುನ ನೋಡುತ್ತಿದ್ದಂತೆ, ಕ್ಯಾಥರೀನಳು ಕೈಯಲ್ಲಿದ್ದ ಪದ್ಯಸಂಗ್ರಹವನ್ನು ಕಣ್ಣಿಗೆ ಬಿದ್ದಲ್ಲಿ ತೆರೆದು ತನ್ನ ಭಾಗ್ಯವನ್ನು ನೋಡಿದಳು. ಬಂದದ್ದು ಒಂದು ಪ್ರೇಮದ ಪದ್ಯ. ಅವಳ ಅದೃಷ್ಟವನ್ನು ಕಂಡು ಸಂತೋಷಗೊಂಡ ಗಂಡ ತಾನೂ ತೆರೆದು ನೋಡಿದ. ಅವನಿಗೆ ಬಂದದ್ದು ಗಾಳಿಗೆ ಜಗ್ಗದ ಓಕ್ ಮರದ ವರ್ಣನೆ. ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟ. ಮದುವೆಯಾಗಿ 25 ವರ್ಷ ಕಳೆದ, ಕೈಯಲ್ಲಿ ಕಾಸಿಲ್ಲದ ದಂಪತಿಗಳ ಒಂದು ಭಾನುವಾರ ಹೀಗೆ ಉಳಿದುಕೊಂಡಿದೆ.

1809ರಲ್ಲಿ ಬ್ಲೇಕನು ಇನ್ನೊಬ್ಬ ಸಹೋದರನಾದ ಜೇಮ್ಸನ ಅಂಗಡಿಯ ಮಹಡಿಯಲ್ಲಿ ತನ್ನ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ. ನೋಡಬಂದವರು ಬೆರಳೆಣಿಕೆಯ ಮಂದಿ. ಒಂದು ಪತ್ರಿಕೆ ಅವನನ್ನು ಹುಚ್ಚನೆಂದೇ ಬರೆಯಿತು. ಆ ಕಾಲದ ಉರಿಯೆಲ್ಲ ಈ ಪುಸ್ತಕಕ್ಕೆ ಇಳಿದಿದೆ. ತನ್ನ ಕಲ್ಪನೆಯನ್ನು ಕದ್ದು ಬೇರೆಯವನಿಗೆ ಕೆಲಸ ಕೊಟ್ಟನೆಂದು ತಾನು ನಂಬಿದ್ದ ಪ್ರಕಾಶಕನ ಮೇಲೆ, ಉಪಕಾರ ಮಾಡಿದ ಸ್ನೇಹಿತರ ಮೇಲೆ, ಅಕಾಡೆಮಿಯ ಅಧ್ಯಕ್ಷನಾಗಿದ್ದ ರೆನಾಲ್ಡ್ಸನ ಮೇಲೆ ಎರಡೆರಡು ಸಾಲಿನ ಕುಟುಕುಪದ್ಯಗಳು. ಅವುಗಳ ನಡುವೆಯೇ, ಅಂತಿಮ ತೀರ್ಪಿನ ದಿನವನ್ನು ಕುರಿತ ತನ್ನ ಚಿತ್ರಕ್ಕೆ 1810ರಲ್ಲಿ ಬರೆದ ಗಂಭೀರವಾದ ಗದ್ಯ, ಜಾಗವಿದ್ದಲ್ಲಿ ನುಸುಳಿಕೊಂಡು ಹೋಗುತ್ತದೆ. ಹೊಸ ಪುಸ್ತಕ ಕೊಳ್ಳುವ ಅನುಕೂಲವಿರಲಿಲ್ಲವೋ, ತಮ್ಮನ ಪುಸ್ತಕವನ್ನು ಬಿಡಲು ಮನಸ್ಸು ಬರಲಿಲ್ಲವೋ, ಅಂತೂ ತಿಲದಷ್ಟು ಸ್ಥಳವನ್ನೂ ಅವನು ಖಾಲಿ ಬಿಡಲಿಲ್ಲ.

ಉರಿಯಿಂದ ತಪ್ಪಿಸಿಕೊಂಡದ್ದು

1827ನೆಯ ಆಗಸ್ಟ್ 12ರಂದು ಬ್ಲೇಕನು ತೀರಿಕೊಂಡ. ರಾಬರ್ಟನನ್ನು ಹೂಳಿದ್ದ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿಯೇ ಅವನನ್ನೂ ಹೂಳಿದರು. ಮಕ್ಕಳಿರಲಿಲ್ಲ. ತಗಡುಗಳು, ಚಿತ್ರಗಳು, ಕಾಗದಗಳು ಎಲ್ಲವೂ ಕ್ಯಾಥರೀನಳ ಕೈಗೆ ಬಂದವು. 1831ರಲ್ಲಿ ಆಕೆಯೂ ತೀರಿಕೊಂಡ ಮೇಲೆ ಅವು ಫ್ರೆಡರಿಕ್ ಟೇಥಮ್ ಎಂಬ ಶಿಲ್ಪಿಯ ವಶವಾದವು. ಟೇಥಮ್ ಬ್ಲೇಕನ ಅಭಿಮಾನಿಯೇ. ಆದರೆ ಮುಂದೆ ಒಂದು ಉಗ್ರ ಧಾರ್ಮಿಕ ಪಂಥಕ್ಕೆ ಸೇರಿ, ಬ್ಲೇಕನ ಬರಹಗಳಲ್ಲಿ ಸೈತಾನನ ಪ್ರೇರಣೆಯಿದೆಯೆಂದು ನಂಬಿ, ಅನೇಕ ಹಸ್ತಪ್ರತಿಗಳನ್ನು ಸುಟ್ಟುಹಾಕಿದನೆಂದು ಅವನ ಪರಿಚಿತರೇ ಹೇಳಿದ್ದಾರೆ.

ಟಿಪ್ಪಣಿ ಪುಸ್ತಕ ಆ ಬೆಂಕಿಗೆ ಬೀಳದೆ ಉಳಿದದ್ದು ಕ್ಯಾಥರೀನಳಿಂದ. ಬದುಕಿದ್ದಾಗಲೇ ಆಕೆ ಅದನ್ನು ವಿಲಿಯಂ ಪಾಮರ್ ಎಂಬಾತನಿಗೆ ಕೊಟ್ಟಿದ್ದಳು. ಬ್ಲೇಕನ ಮುಪ್ಪಿನಲ್ಲಿ ಅವನ ಸುತ್ತ ನೆರೆದಿದ್ದ ತರುಣ ಚಿತ್ರಕಾರರಲ್ಲಿ ಮುಖ್ಯನಾದ ಸ್ಯಾಮ್ಯುಯೆಲ್ ಪಾಮರನ ಸಹೋದರ ಈತ. ಮದುವೆಯ ದಿನ ತನ್ನ ಹೆಸರನ್ನೂ ಬರೆಯಲಾರದೆ ಇದ್ದ ಹೆಣ್ಣುಮಗಳು, ಇಂಗ್ಲಿಷ್ ಸಾಹಿತ್ಯದ ಒಂದು ನಿಧಿ ಯಾರ ಕೈ ಸೇರಬೇಕೆಂಬುದನ್ನು ನಿರ್ಧರಿಸಿದಳು.

ಪಾಮರನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಪ್ರಾಚೀನ ಶಿಲ್ಪಗಳ ಶಾಲೆಯಲ್ಲಿ, ಪರಿಚಾರಕನಾಗಿದ್ದ. 1847ರ ಏಪ್ರಿಲ್ 30ರಂದು ಅವನು ಪುಸ್ತಕವನ್ನು ಹತ್ತು ಷಿಲಿಂಗಿಗೆ, ಎಂದರೆ ಅರ್ಧ ಪೌಂಡಿಗೆ, ಮಾರಿದ. ಕೊಂಡವನು ಡಾಂಟೆ ಗೇಬ್ರಿಯಲ್ ರೊಸೆಟಿ. ಚಿತ್ರಕಲೆಯ ವಿದ್ಯಾರ್ಥಿ, ಇನ್ನೂ 19 ತುಂಬಿರಲಿಲ್ಲ. ಇಟಲಿಯಿಂದ ದೇಶಭ್ರಷ್ಟನಾಗಿ ಬಂದ ತಂದೆಗೆ ಕಣ್ಣು ಮಂದವಾಗಿ, ಮನೆಯಲ್ಲಿ ಹಣಕ್ಕೆ ಬಹಳ ಬಿಗಿಯಾಗಿತ್ತು. ಹತ್ತು ಷಿಲಿಂಗು ರೊಸೆಟಿಯ ಬಳಿ ಎಲ್ಲಿಂದ ಬರಬೇಕು? ಕೊಟ್ಟವನು ಅವನ ತಮ್ಮ ವಿಲಿಯಂ ಮೈಕೇಲ್. ಆ ಹುಡುಗನಿಗೆ 17 ವರ್ಷ. ಹದಿನೈದರಲ್ಲೇ ಶಾಲೆ ಬಿಟ್ಟು, ಅಬಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಮನೆಗೆ ಸಂಬಳ ತರುತ್ತಿದ್ದ. ಅಣ್ಣನಿಗೆ ಕಲೆ, ತಮ್ಮನಿಗೆ ಲೆಕ್ಕದ ಪುಸ್ತಕ ಎಂಬ ವಿಭಾಗವು ಅನೇಕ ಸಂಸಾರಗಳಲ್ಲಿ ನಡೆಯುವಂಥದೇ. ಒಬ್ಬ ತಮ್ಮನು ಬಿಟ್ಟುಹೋದ ಪುಸ್ತಕವನ್ನು ಅರವತ್ತು ವರ್ಷಗಳ ಮೇಲೆ ಇನ್ನೊಬ್ಬ ತಮ್ಮನ ಸಂಬಳದ ದುಡ್ಡು ಉಳಿಸಿತು.

ರೊಸೆಟಿ ಸೋದರರು ಪುಸ್ತಕವನ್ನು ಶ್ರಮಪಟ್ಟು ಓದಿ ನಕಲು ಮಾಡಿದರು. ಹಿರಿಯ ಮಹಾಚಿತ್ರಕಾರರೆಂದು ಹೆಸರಾದವರನ್ನು ಬ್ಲೇಕನು ಎಗ್ಗಿಲ್ಲದೆ ಹೀಯಾಳಿಸಿದ್ದನ್ನು ಕಂಡು ತರುಣ ರೊಸೆಟಿಗೆ ಹಬ್ಬವಾಯಿತು. ಮರುವರ್ಷವೇ, 1848ರಲ್ಲಿ, ಅವನೂ ಅವನ ಗೆಳೆಯರೂ ಅಕಾಡೆಮಿಯ ಸಂಪ್ರದಾಯಕ್ಕೆ ಇದಿರಾಗಿ ಒಂದು ಕಲಾವಿದರ ಕೂಟವನ್ನು ಕಟ್ಟಿದರು; ಅದಕ್ಕೆ ಅವರು ಆರಿಸಿದ ಹೆಸರಿನಲ್ಲಿಯೂ ‘ಸೋದರಸಂಘ’ ಎಂಬ ಮಾತಿದೆ. ಗಿಲ್‌ಕ್ರಿಸ್ಟನು ಬ್ಲೇಕನ ಚರಿತ್ರೆಯನ್ನು ಮುಗಿಸುವ ಮೊದಲೇ 1861ರಲ್ಲಿ ಜ್ವರದಿಂದ ತೀರಿಕೊಂಡಾಗ, ಅವನ ಪತ್ನಿ ಆನ್ ಆ ಕೆಲಸವನ್ನು ಕೈಗೆತ್ತಿಕೊಂಡಳು. ರೊಸೆಟಿ ಸೋದರರು ನೆರವಾದರು. 1863ರಲ್ಲಿ ಗ್ರಂಥ ಹೊರಬಿದ್ದಾಗ ಟಿಪ್ಪಣಿ ಪುಸ್ತಕದ ಪದ್ಯಗಳು ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದವು. ಮರೆತುಹೋಗಿದ್ದ ಕೆತ್ತನೆಗಾರನನ್ನು ಜಗತ್ತು ಕವಿಯೆಂದು ಗುರುತಿಸಲಾರಂಭಿಸಿದ್ದು ಅಂದಿನಿಂದ.

ಆದರೆ ಇಲ್ಲೊಂದು ತೊಡಕಿದೆ. ರೊಸೆಟಿಗೆ ಛಂದಸ್ಸು ಕುಂಟಿದಂತೆ ಕಂಡಲ್ಲಿ ತಿದ್ದಿದ. ಮಾತು ಒರಟಾಗಿ ಕಂಡಲ್ಲಿ ನಯಗೊಳಿಸಿದ. ಹೆಸರಿಲ್ಲದ ಪದ್ಯಗಳಿಗೆ ಹೆಸರಿಟ್ಟ. ತನ್ನ ನಕಲಿನ ಆರಂಭದಲ್ಲಿ, ಹಿಂದಿನ ಪುಟಗಳಲ್ಲಿ ಬೆಲೆಯುಳ್ಳದ್ದೆಲ್ಲವನ್ನೂ ಇಲ್ಲಿ ಬರೆದುಕೊಳ್ಳಲಾಗಿದೆ ಎಂಬರ್ಥದ ಷರಾ ಹಾಕಿದ. ಟೇಥಮ್ಮನದು ಸುಡುವ ಕೈ, ರೊಸೆಟಿಯದು ಕಾಪಾಡುವ ಕೈ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಯಾವುದು ಉಳಿಯತಕ್ಕದ್ದು, ಯಾವುದು ಉಳಿಯಬೇಕಾಗಿಲ್ಲ ಎಂಬುದು ತನಗೆ ಗೊತ್ತೆಂಬ ಭರವಸೆ ಇಬ್ಬರಲ್ಲಿಯೂ ಇತ್ತು. ರೊಸೆಟಿಯ ದೊಡ್ಡತನವೆಂದರೆ, ನಕಲು ಮಾಡಿ ಮುಗಿಸಿದ ಮೇಲೆ ಮೂಲವನ್ನು ಎಸೆಯಲಿಲ್ಲ. ಎರಡನ್ನೂ ಒಟ್ಟಿಗೆ ರಟ್ಟು ಕಟ್ಟಿಸಿ ಸಾಯುವವರೆಗೂ ತನ್ನಲ್ಲಿಟ್ಟುಕೊಂಡ. 1862ರಲ್ಲಿ ಹೆಂಡತಿ ಸತ್ತಾಗ ತನ್ನ ಸ್ವಂತ ಕವನಗಳ ಹಸ್ತಪ್ರತಿಯನ್ನು ಆಕೆಯ ಶವಪೆಟ್ಟಿಗೆಯಲ್ಲಿಟ್ಟು ಹೂಳಿಸಿ, ಏಳು ವರ್ಷಗಳ ಬಳಿಕ ಅಗೆಸಿ ತೆಗೆಸಿದವನೂ ಇವನೇ. ಬ್ಲೇಕನ ಪುಸ್ತಕದ ವಿಷಯದಲ್ಲಿ ಅಂಥ ಆವೇಶಕ್ಕೆ ಅವನು ಒಳಗಾಗಲಿಲ್ಲ.

ಕಡಲಾಚೆ, ಮತ್ತೆ ಈಚೆ

1882ರಲ್ಲಿ ರೊಸೆಟಿ ಸತ್ತ ಮೇಲೆ ಅವನ ಮನೆಯ ಸಾಮಾನು ಹರಾಜಾಯಿತು. ಹತ್ತು ಷಿಲಿಂಗಿನ ಪುಸ್ತಕ 110 ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು; 35 ವರ್ಷಗಳಲ್ಲಿ ಬೆಲೆ 220 ಪಟ್ಟು ಏರಿತ್ತು. 1887ರಲ್ಲಿ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ವಿಲಿಯಂ ಅಗಸ್ಟಸ್ ವೈಟ್ ಎಂಬ ಗ್ರಂಥಸಂಗ್ರಾಹಕನ ಕೈ ಸೇರಿತು.

ಸಂಗ್ರಾಹಕರಲ್ಲಿ ಎರಡು ಜಾತಿ. ತನ್ನಲ್ಲಿರುವುದು ಬೇರೆಯವರಿಗೆ ಕಾಣದಿದ್ದರೇ ಅದಕ್ಕೆ ಬೆಲೆಯೆಂದು ತಿಳಿಯುವವರು ಒಂದು. ಕಂಡಷ್ಟೂ ಬೆಲೆಯೆಂದು ತಿಳಿಯುವವರು ಇನ್ನೊಂದು. ವೈಟ್ ಎರಡನೆಯ ಜಾತಿಯವನು. 1905ರಲ್ಲಿ ಜಾನ್ ಸ್ಯಾಂಪ್ಸನ್ ಎಂಬ ವಿದ್ವಾಂಸನು ರೊಸೆಟಿಯ ತಿದ್ದುಪಡಿಗಳನ್ನು ಕಳೆದು ಬ್ಲೇಕನ ಪದ್ಯಗಳನ್ನು ಅವನು ಬರೆದಂತೆಯೇ ಪ್ರಕಟಿಸಲು ಸಾಧ್ಯವಾದದ್ದು ವೈಟನ ಸಹಕಾರದಿಂದ. 1927ರಲ್ಲಿ ವೈಟ್ ತೀರಿಕೊಂಡ ಬಳಿಕ ಪುಸ್ತಕವು ಮಗಳಾದ ಶ್ರೀಮತಿ ಎಮರ್ಸನ್ನರಿಗೆ ಬಂತು. ಆಕೆಯೂ ತಂದೆಯ ದಾರಿಯನ್ನೇ ಹಿಡಿದರು. ಬ್ಲೇಕನ ಕೃತಿಗಳಿಗಾಗಿ ಜೀವಮಾನವಿಡೀ ದುಡಿದ ವೈದ್ಯ ಜೆಫ್ರಿ ಕೇನ್ಸನು 1935ರಲ್ಲಿ ಅದರ ಪುಟಪುಟದ ಪ್ರತಿರೂಪವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ.

ಹರಾಜಿಗೆ ಇಟ್ಟಿದ್ದರೆ ಆ ಹೊತ್ತಿಗೆ ಪುಸ್ತಕವು ಅಪಾರ ಹಣ ತರುತ್ತಿತ್ತು. ಆದರೆ ಬ್ಲೇಕನು ಹುಟ್ಟಿ 200 ವರ್ಷ ತುಂಬಿದ 1957ರಲ್ಲಿ ಶ್ರೀಮತಿ ಎಮರ್ಸನ್ ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟರು. 110 ವರ್ಷಗಳ ಹಿಂದೆ ಯಾವ ಮ್ಯೂಸಿಯಮ್ಮಿನ ಪರಿಚಾರಕನು ಅದನ್ನು ಅರ್ಧ ಪೌಂಡಿಗೆ ಮಾರಿದ್ದನೋ, ಅದೇ ಮ್ಯೂಸಿಯಮ್ಮಿಗೆ ಪುಸ್ತಕವು ಬೆಲೆಯಿಲ್ಲದೆ ಹಿಂದಿರುಗಿತು. ಮುಂದೆ 1973ರಲ್ಲಿ ಮ್ಯೂಸಿಯಮ್ಮಿನ ಗ್ರಂಥ ವಿಭಾಗಗಳು ಪ್ರತ್ಯೇಕವಾಗಿ ‘ಬ್ರಿಟಿಷ್ ಲೈಬ್ರರಿ’ ಆದಾಗ ಅದರ ಸ್ವತ್ತಾಯಿತು.

ಮೂಲ ಏಕೆ ಬೇಕು?

ನಕಲಾಗಿದೆ, ಅಚ್ಚಾಗಿದೆ, ಪ್ರತಿರೂಪವೂ ಬಂದಿದೆ. ಇನ್ನು ಆ ಸವೆದ ಹಾಳೆಗಳನ್ನು ಇಷ್ಟು ಜೋಪಾನವಾಗಿ ಕಾಯುವುದೇಕೆ ಎಂದು ಲೌಕಿಕವಾಗಿ ಯೋಚಿಸುವವರು ಕೇಳಬಹುದು. ಅದಕ್ಕೆ ಉತ್ತರವನ್ನು ಪುಸ್ತಕವೇ ಕೊಟ್ಟಿತು. ಬ್ಲೇಕನ ಪೆನ್ಸಿಲ್ ಬರಹ ಅನೇಕ ಕಡೆ ಮಾಸಿಹೋಗಿತ್ತು. ಕೆಲವೆಡೆ ಮಸಿ ಅದನ್ನು ಮುಚ್ಚಿತ್ತು. 1973ರಲ್ಲಿ ಡೇವಿಡ್ ಅರ್ಡ್‌ಮನ್ ಎಂಬ ಅಮೆರಿಕನ್ ವಿದ್ವಾಂಸನು ಹೊರತಂದ ಆವೃತ್ತಿಗಾಗಿ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಸಹಾಯದಿಂದ ಪುಟಗಳ ಚಿತ್ರ ತೆಗೆಯಲಾಯಿತು. ಮಾಸಿದ ಗೀಟುಗಳು ಮತ್ತೆ ಮೂಡಿದವು. ಯಾವ ಮಾತನ್ನು ಮೊದಲು ಬರೆದ, ಯಾವ ಮಾತು ಆಮೇಲೆ ಬಂತು, ಯಾವ ಚಿತ್ರದ ಮೇಲೆ ಯಾವ ಪದ್ಯ ಏರಿತು ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳುವಂತಾಯಿತು. ರೊಸೆಟಿಯ ಷರಾವನ್ನು ನಂಬಿ ಮೂಲವನ್ನು ಕೈಬಿಟ್ಟಿದ್ದರೆ ಇದೊಂದೂ ಸಿಗುತ್ತಿರಲಿಲ್ಲ. ನಕಲು ಮಾಡುವವನು ತನಗೆ ಕಂಡದ್ದನ್ನಷ್ಟೇ ನಕಲು ಮಾಡಬಲ್ಲ. ಮುಂದೆ ಬರುವವನ ಪ್ರಶ್ನೆ ಏನೆಂಬುದು ಇಂದಿನವನಿಗೆ ತಿಳಿಯದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಬ್ಲೇಕನು ಇದನ್ನು ಲೋಕಕ್ಕಾಗಿ ಬರೆಯಲಿಲ್ಲ. ಒಂದು ಸಂಜೆಯ ಹತಾಶೆಯನ್ನು, ಸ್ನೇಹಿತರ ಮೇಲಿನ ಸಿಟ್ಟನ್ನು, ಹೆಂಡತಿಯ ಶಕುನವನ್ನು ಅಪರಿಚಿತರು ಓದುವುದು ಎಷ್ಟರಮಟ್ಟಿಗೆ ಸರಿ? ಬದುಕಿರುವವರ ದಿನಚರಿಯನ್ನು ತೆರೆದು ಓದುವುದನ್ನು ಸಭ್ಯರು ಯಾರೂ ಒಪ್ಪುವುದಿಲ್ಲ. ಆದರೆ ಇಲ್ಲಿ ಆ ಪುಸ್ತಕವನ್ನು ಹೊರಗಿನವರು ಯಾರೂ ಕದ್ದು ತೆರೆಯಲಿಲ್ಲ. ಅದರ ಒಳಗೇನಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ, ಅದರಲ್ಲಿ ತಾನೂ ಇದ್ದ ಕ್ಯಾಥರೀನಳೇ ತನ್ನ ಕೈಯಾರೆ ಅದನ್ನು ಇನ್ನೊಬ್ಬರಿಗೆ ಕೊಟ್ಟಳು. ಸುಡಬೇಕೆಂದಿದ್ದರೆ ಆಕೆಯ ಒಲೆಯಲ್ಲಿ ಬೆಂಕಿಯಿತ್ತು. ಸಂಶೋಧನೆಯ ಪುಸ್ತಕಾಲಯವೂ ಅದನ್ನು ಬೀದಿಯಲ್ಲಿ ಹರಡಿ ಕೂರುವುದಿಲ್ಲ. ಅಂಥಲ್ಲಿ ಮೂಲಪ್ರತಿಯನ್ನು ಮನೆಗೆ ಕೊಡುವ ಪದ್ಧತಿಯಿಲ್ಲ. ನೋಡುವವರು ಅಲ್ಲಿಯೇ ಕುಳಿತು ಎಚ್ಚರಿಕೆಯಿಂದ ನೋಡಬೇಕು. ಜನಸಾಮಾನ್ಯರಿಗೆ ಪುಟಗಳ ಛಾಯಾಚಿತ್ರಗಳುಂಟು; ಈಚಿನ ವರ್ಷಗಳಲ್ಲಿ ಪುಸ್ತಕಾಲಯವು ಗಣಕಯಂತ್ರದ ತೆರೆಯ ಮೇಲೆ ಒಂದೊಂದೇ ಪುಟವನ್ನು ಮಗುಚಿ ನೋಡುವಂತೆಯೂ ಅದನ್ನು ಅಣಿಗೊಳಿಸಿತು.

ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ಒಪ್ಪಮಾಡುವಾಗ ತಾತನ ಲೆಕ್ಕದ ಪುಸ್ತಕ, ಅಜ್ಜಿಯ ಹಾಡಿನ ಪುಸ್ತಕ, ಅಕಾಲದಲ್ಲಿ ಅಗಲಿದವರ ಅರ್ಧ ತುಂಬಿದ ನೋಟುಬುಕ್ಕು ಕೈಗೆ ಸಿಕ್ಕುವುದುಂಟು. ಎಲ್ಲವೂ ಭಂಡಾರ ಸೇರಬೇಕಾದ ನಿಧಿಯಲ್ಲ. ಆದರೆ ಬೆಲೆಯುಳ್ಳದ್ದು ಯಾವುದೆಂದು ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಿ ರದ್ದಿಯವನನ್ನು ಕರೆಯುವ ಮೊದಲು, ಒಂದು ದಿನ ತಡೆಯುವುದರಿಂದ ನಷ್ಟವೇನೂ ಇಲ್ಲ.

ಹೆಚ್ಚುವರಿ ಹಸ್ತಪ್ರತಿ 49460ರ ಮೊದಲ ಪುಟಗಳಲ್ಲಿ ರಾಬರ್ಟನ ಚಿತ್ರಗಳು ಈಗಲೂ ಇವೆ. ವಿದ್ಯಾರ್ಥಿಯೊಬ್ಬನ ಕೈಯ ಸಾಧಾರಣ ಚಿತ್ರಗಳು. ಅವಷ್ಟೇ ಇದ್ದಿದ್ದರೆ ಯಾವ ಪುಸ್ತಕಾಲಯವೂ ಅವಕ್ಕೆ ಸಂಖ್ಯೆ ಕೊಡುತ್ತಿರಲಿಲ್ಲ. ಒಂದಂಗುಲ ಜಾಗಕ್ಕೂ ಹಾತೊರೆಯುತ್ತಿದ್ದ ಅಣ್ಣನು ಅವುಗಳನ್ನು ಅಳಿಸಲಿಲ್ಲ.